ಖಿನ್ನತೆಯ ಮಾತ್ರೆ: 10 ದಿನಕ್ಕೂ ಫಲ ಕಾಣದಿದ್ದರೆ?

ಪ್ರಶ್ನೆ: ಖಿನ್ನತೆ, ಆತಂಕ ಎರಡಕ್ಕೂ ಎಸ್ಸಿಟಾಲೊಪ್ರಾಮ್ 10 ಮಿ.ಗ್ರಾಂ ಬರೆದುಕೊಡುತ್ತಾರೆ. 10 ದಿನವಾದರೂ ಮನಸ್ಸು ಹಗುರಾಗದೆ ಬರೀ ಹೊಟ್ಟೆ ತೊಳಸುತ್ತಿದ್ದರೆ ಮಾತ್ರೆ ನಿಲ್ಲಿಸಬಹುದೇ?

ಉತ್ತರ 1: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಔಷಧ ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲವೇ ಗಂಟೆಗಳಲ್ಲಿ ಕೆಲಸ ಶುರುಮಾಡುತ್ತದೆ, ಆದರೆ ಮಿದುಳು ಅದಕ್ಕೆ ಹೊಂದಿಕೊಳ್ಳಲು ವಾರಗಳೇ ಬೇಕು. ಅದಕ್ಕೇ ಅಡ್ಡಪರಿಣಾಮ ಮೊದಲು, ಫಲ ಆಮೇಲೆ. ವಾಕರಿಕೆ ಸಾಮಾನ್ಯವಾಗಿ 1–2 ವಾರದಲ್ಲಿ ತಗ್ಗುತ್ತದೆ. ಊಟದ ಜೊತೆ ತೆಗೆದುಕೊಂಡರೆ ಇನ್ನೂ ಹಗುರ. ಫಲ ಅಳೆಯಲು 4–6 ವಾರ ಕೊಡಿ. ನಿದ್ದೆ, ಹಸಿವು ಮೊದಲು ಸರಿಹೋಗಿ, ಬೇಸರ ಕೊನೆಗೆ ಕರಗುವುದೂ ಉಂಟು.

ಉತ್ತರ 2: ಪ್ಯಾನಿಕ್ ದಾಳಿ (ಹಠಾತ್ತನೆ ಬರುವ ವಿಪರೀತ ಭಯ) ಇರುವವರಿಗೆ ಮೊದಲ ವಾರ 5 ಮಿ.ಗ್ರಾಂ ಕೊಡುವುದು ರೂಢಿ. ಪೂರ್ತಿ ಡೋಸ್‌ನಿಂದ ಶುರುವಾದರೆ ಚಡಪಡಿಕೆ ಏರಬಹುದು. ಹಿಂದೆಂದಾದರೂ ನಿದ್ದೆಯಿಲ್ಲದೆಯೂ ದಣಿಯದೆ, ವಿಪರೀತ ಹುರುಪಿನಲ್ಲಿ ದಿನಗಟ್ಟಲೆ ಇದ್ದದ್ದುಂಟಾದರೆ ವೈದ್ಯರಿಗೆ ಹೇಳಲೇಬೇಕು. ಅದು ಬೈಪೋಲಾರ್ (ಖಿನ್ನತೆ ಮತ್ತು ಅತಿ ಹುರುಪಿನ ಉನ್ಮಾದ ಎರಡೂ ಬಂದುಹೋಗುವ ಕಾಯಿಲೆ) ಆಗಿದ್ದರೆ, ಈ ಮಾತ್ರೆಯನ್ನೊಂದೇ ತೆಗೆದುಕೊಂಡರೆ ಉನ್ಮಾದ ಕೆರಳಬಹುದು. ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಉತ್ತರ 3: ಜನ ಎಡವುವುದು ಗುಣವಾದ ಮೇಲೆ! ಪೂರ್ತಿ ಚೇತರಿಸಿಕೊಂಡ ನಂತರವೂ 6–9 ತಿಂಗಳು ಮುಂದುವರಿಸಬೇಕು. ಬಿಡುವಾಗಲೂ ವೈದ್ಯರು ಹೇಳಿದಂತೆ ಹಂತಹಂತವಾಗಿ. ತಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು.