ಜೈಲ್‌ಬ್ರೇಕ್ ಆದ ಐಫೋನ್ 6ಎಸ್ ರಿಸ್ಟೋರ್ ಮಾಡುವಾಗ ಸಿಗ್ನಲ್ ಹೋಗದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ (ಕುಮಟಾ)

ನಮಸ್ಕಾರ. ಚೆಕ್‌ರೇನ್ ಎಂಬ ತಂತ್ರಾಂಶದಿಂದ ಜೈಲ್‌ಬ್ರೇಕ್ ಮಾಡಿದ (ಆ್ಯಪಲ್‌ನ ನಿರ್ಬಂಧಗಳನ್ನು ತೆಗೆದ) ನನ್ನ ಐಫೋನ್ 6ಎಸ್ ಐಒಎಸ್ 14.8ರಲ್ಲಿದ್ದು, ಈಚೆಗೆ ತುಂಬ ನಿಧಾನವಾಗಿದೆ. ಉಳಿಸಿಟ್ಟ ಬ್ಲಾಬ್ (ಆ ಆವೃತ್ತಿಗೆ ಆ್ಯಪಲ್ ಕೊಟ್ಟ ಸಹಿಯ ಪ್ರತಿ) ಬಳಸಿ, ಫ್ಯೂಚರ್‌ರಿಸ್ಟೋರ್ ಎಂಬ ತಂತ್ರಾಂಶದ ಮೂಲಕ ಅದೇ 14.8ನ್ನು ಮತ್ತೆ ಹಾಕುವ ವಿಚಾರವಿದೆ. ಬೇಸ್‌ಬ್ಯಾಂಡ್ (ಮೊಬೈಲ್ ನೆಟ್‌ವರ್ಕ್ ಹಿಡಿಯುವ ಮೋಡೆಮ್‌ನ ಫರ್ಮ್‌ವೇರ್, ಅಂದರೆ ಒಳಗಿನ ತಂತ್ರಾಂಶ) ಅಪ್‌ಡೇಟ್ ಆದರೆ ಸಿಗ್ನಲ್ ಹೋಗುತ್ತದೆಂದು ಪರಿಚಯದವರು ಎಚ್ಚರಿಸಿದ್ದರಿಂದ ಕಮಾಂಡ್‌ನಲ್ಲಿ ‘ನೋ-ಬೇಸ್‌ಬ್ಯಾಂಡ್’ ಸೇರಿಸಿದ್ದೇನೆ. ಮೀನು ವ್ಯಾಪಾರದ ಕರೆಗಳೆಲ್ಲ ಇದೇ ಫೋನಿಗೆ ಬರುತ್ತವೆ. ಇದು ಸರಿಯೇ, ದಯವಿಟ್ಟು ತಿಳಿಸಿ.

ಉತ್ತರ (ಶಿರಸಿ)

ದಯವಿಟ್ಟು ಆ ಕಮಾಂಡ್ ಅನ್ನು ಓಡಿಸಬೇಡಿ. ‘ನೋ-ಬೇಸ್‌ಬ್ಯಾಂಡ್’ ಆಯ್ಕೆ ಇರುವುದು ಐಪಾಡ್ ಟಚ್, ವೈಫೈ ಮಾತ್ರದ ಐಪ್ಯಾಡ್ ಮುಂತಾದ, ಸಿಮ್ ಹಾಕುವ ವ್ಯವಸ್ಥೆಯೇ ಇಲ್ಲದ ಸಾಧನಗಳಿಗೆ. ಐಫೋನಿನಲ್ಲಿ ಅದನ್ನು ಬಳಸಿದರೆ ಮೋಡೆಮ್‌ಗೆ ಫರ್ಮ್‌ವೇರ್ ಬರೆಯುವ ಹಂತವನ್ನೇ ಬಿಟ್ಟು ರಿಸ್ಟೋರ್ ಮುಂದೆ ಸಾಗುತ್ತದೆ. ಆಮೇಲೆ ಮೋಡೆಮ್ ಏಳದಿದ್ದರೆ ಸಿಗ್ನಲ್ ಮಾತ್ರವಲ್ಲ, ಆ್ಯಕ್ಟಿವೇಶನ್ ಕೂಡ ಆಗದೆ ಹೋಗಬಹುದು.

ನಿಮ್ಮ ಪರಿಚಯದವರ ಮಾತು ಸುಳ್ಳಲ್ಲ, ಆದರೆ ಅದು ಹಳೆಯ ಕಾಲದ್ದು. ಐಫೋನ್ 3ಜಿ, 3ಜಿಎಸ್, 4ರ ದಿನಗಳಲ್ಲಿ ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆದ ಫೋನನ್ನು ಅಲ್ಟ್ರಾಸ್ನೋ ಎಂಬ ಅನ್‌ಲಾಕ್ ತಂತ್ರಾಂಶದಿಂದ ಬಿಡಿಸುತ್ತಿದ್ದರು. ಅದು ಕೆಲವು ಬೇಸ್‌ಬ್ಯಾಂಡ್ ಆವೃತ್ತಿಗಳಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಉದಾಹರಣೆಗೆ, ಐಫೋನ್ 4ರಲ್ಲಿ 01.59.00. ಐಟ್ಯೂನ್ಸ್‌ನಲ್ಲಿ ನೇರವಾಗಿ ರಿಸ್ಟೋರ್ ಮಾಡಿದರೆ ಬೇಸ್‌ಬ್ಯಾಂಡ್ ಮೇಲಿನ ಆವೃತ್ತಿಗೆ ಹೋಗಿ, ಅನ್‌ಲಾಕ್ ಕೈತಪ್ಪಿ, ಫೋನ್ ನಮ್ಮ ಸಿಮ್ ಹಿಡಿಯುತ್ತಿರಲಿಲ್ಲ. ಆದ್ದರಿಂದ ಬೇಸ್‌ಬ್ಯಾಂಡ್ ಮುಟ್ಟದ ಕಸ್ಟಮ್ ಫರ್ಮ್‌ವೇರ್ ಬಳಸುವುದೇ ಆಗ ಸರಿಯಾದ ದಾರಿಯಾಗಿತ್ತು. ಅದೇ ಸಲಹೆಯನ್ನು 6ಎಸ್‌ಗೆ ಅನ್ವಯಿಸಿದಾಗ, ಯಾವುದರಿಂದ ತಪ್ಪಿಸಿಕೊಳ್ಳಬೇಕೆಂದು ಹೊರಟೆವೋ ಅದೇ ಎದುರಾಗುತ್ತದೆ.

ಬ್ಲಾಬ್ ಇದ್ದರೂ ಹಳೆಯ ಬೇಸ್‌ಬ್ಯಾಂಡ್ ಹಾಕಲು ಬರುವುದಿಲ್ಲ. ಬೇಸ್‌ಬ್ಯಾಂಡ್‌ನ ಟಿಕೆಟ್‌ಗೆ, ಅಂದರೆ ಆ್ಯಪಲ್‌ನ ಸಹಿಗೆ, ಪ್ರತಿ ರಿಸ್ಟೋರ್‌ನಲ್ಲೂ ಹೊಸ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಹುಟ್ಟುವುದರಿಂದ ಆ್ಯಪಲ್ ಆ ಕ್ಷಣದಲ್ಲಿ ಸಹಿ ಮಾಡುವ ಆವೃತ್ತಿಯೇ ಬೇಕು. 14.8ಕ್ಕೇ ಹೋಗುವುದಾದರೆ ‘ಲೇಟೆಸ್ಟ್-ಬೇಸ್‌ಬ್ಯಾಂಡ್’, ‘ಲೇಟೆಸ್ಟ್-ಸೆಪ್’ ಎಂಬ ಆಯ್ಕೆಗಳೆರಡನ್ನೂ ಬಳಸಬೇಕು. ಹೊಸ ಸೆಪ್ (ಭದ್ರತಾ ಚಿಪ್‌ನ ಫರ್ಮ್‌ವೇರ್) ಹಳೆಯ ಐಒಎಸ್‌ಗೆ ಹೊಂದದಿದ್ದರೆ ಟಚ್ ಐಡಿ, ಪಾಸ್‌ಕೋಡ್‌ಗೆ ತೊಂದರೆಯಾಗುತ್ತದೆ. ದುಡಿಮೆಯ ಫೋನಿನಲ್ಲಿ ಈ ಪ್ರಯೋಗ ಬೇಡವೆಂದು ನನ್ನ ಅಭಿಪ್ರಾಯ. ಈಗ ಸಹಿಯಾಗುತ್ತಿರುವ ಐಒಎಸ್ 15ರ ಕೊನೆಯ ಆವೃತ್ತಿಗೆ ಐಟ್ಯೂನ್ಸ್ ಅಥವಾ ಫೈಂಡರ್‌ನಲ್ಲೇ ರಿಸ್ಟೋರ್ ಮಾಡಿ. ಅದಕ್ಕೆ ಹೊಂದುವ ಬೇಸ್‌ಬ್ಯಾಂಡ್ ಜೊತೆಗೇ ಬರುತ್ತದೆ. ಜೈಲ್‌ಬ್ರೇಕ್ ಮತ್ತೆ ಬೇಕೆನಿಸಿದರೆ 6ಎಸ್‌ನ ಐಒಎಸ್ 15ಕ್ಕೆ ಪಲೇರೇನ್ ಇದೆ.

ಶುರುಮಾಡುವ ಮೊದಲು ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟ ತೆರೆದು ಮೋಡೆಮ್ ಫರ್ಮ್‌ವೇರ್ ಸಂಖ್ಯೆಯನ್ನೂ, *#06# ಒತ್ತಿದಾಗ ಕಾಣುವ ಐಎಂಇಐಯನ್ನೂ ಬರೆದಿಟ್ಟುಕೊಳ್ಳಿ. ಅದೇ ಪುಟದಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದೆಯೇ ನೋಡಿ. ಇಲ್ಲದಿದ್ದರೆ ನಿಮ್ಮದು ಹೊರದೇಶದ ಲಾಕ್ ಆದ ಫೋನ್ ಆಗಿರಬಹುದು, ಆಗ ಮೊದಲು ಇಲ್ಲಿ ತಿಳಿಸಿ. ಫೈಂಡ್ ಮೈ ಆಫ್ ಮಾಡಿ. ಫೋನಿನೊಳಗಿನ ‘ಇರೇಸ್ ಆಲ್’ ಮಾತ್ರ ಒತ್ತಬೇಡಿ, ಸಿಸ್ಟಮ್ ಫೈಲ್ ಬದಲಾಗಿರುವ ಫೋನ್ ಬೂಟ್ ಲೂಪ್‌ನಲ್ಲಿ (ಪೂರ್ತಿ ತೆರೆಯದೆ ಮತ್ತೆ ಮತ್ತೆ ಶುರುವಾಗುವ ಸ್ಥಿತಿಯಲ್ಲಿ) ಸಿಕ್ಕಿಕೊಳ್ಳಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಫರ್ಮ್‌ವೇರ್ ಫೈಲನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮರುಪ್ರಶ್ನೆ (ಕುಮಟಾ)

ಸಿಮ್ ನಿರ್ಬಂಧವಿಲ್ಲ ಎಂದೇ ಇತ್ತು. ನೀವು ಹೇಳಿದಂತೆ 15ಕ್ಕೆ ರಿಸ್ಟೋರ್ ಮಾಡಿದೆ. ಮೊದಲ ಹತ್ತು ನಿಮಿಷ ‘ಸರ್ಚಿಂಗ್’ ಎಂದೇ ಇದ್ದುದರಿಂದ ಹೆದರಿದ್ದೆ, ಆಮೇಲೆ ಸಿಗ್ನಲ್ ಬಂತು. ಆದರೆ ಇಂದು ದೇವಿಮನೆ ಘಟ್ಟದಲ್ಲಿ ಮತ್ತೆ ಹೋಯಿತು. ಇದು ಮೋಡೆಮ್ ದೋಷವೇ?

ಉತ್ತರ (ಶಿರಸಿ)

ಘಟ್ಟದ ದಾರಿಯಲ್ಲಿ ಪರೀಕ್ಷೆ ಮಾಡಬೇಡಿ, ಕುಮಟಾ ಪೇಟೆಯಲ್ಲಿ ನೋಡಿ. ಮೋಡೆಮ್ ಫರ್ಮ್‌ವೇರ್ ಎದುರು ಸಂಖ್ಯೆ ಇದ್ದು, ಐಎಂಇಐ ನೀವು ಬರೆದಿಟ್ಟಿದ್ದಕ್ಕೆ ಸರಿಹೊಂದಿದರೆ ಮೋಡೆಮ್ ಎದ್ದಿದೆಯೆಂದೇ ಅರ್ಥ. ಆ ಜಾಗ ಖಾಲಿಯಿದ್ದರೆ ಅಥವಾ ರಿಸ್ಟೋರ್ ಎರರ್ -1ರಲ್ಲಿ ನಿಂತಿದ್ದರೆ ಹಾರ್ಡ್‌ವೇರ್ ದೋಷದ ಅನುಮಾನ ಪಡಬೇಕಾಗುತ್ತಿತ್ತು. ಕ್ಯಾರಿಯರ್ ಸೆಟ್ಟಿಂಗ್ಸ್ ಅಪ್‌ಡೇಟ್ ಕೇಳಿದರೆ ಒಪ್ಪಿಕೊಳ್ಳಿ.

ಕುಮಟಾ

ಎರಡೂ ಸರಿಯಾಗಿವೆ. ಬೆಳಿಗ್ಗೆಯಿಂದ ಪೇಟೆಯಲ್ಲಿ ಕರೆಗಳು ಸರಾಗವಾಗಿ ಬರುತ್ತಿವೆ. ಧನ್ಯವಾದಗಳು.