ಬರ್ಗಂಡಿಯ ಮೇರಿಯ ಸೀಮೆಗಳು ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಸೇರಿದ್ದು ಹೇಗೆ?

ನೀಲಾಂಬರಿ:
1477ರ ಜನವರಿ 5ರಂದು ನಾನ್ಸಿಯ ಕಾಳಗದಲ್ಲಿ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ ಮಡಿದಾಗ ಅವನಿಗಿದ್ದವಳು ಹತ್ತೊಂಬತ್ತರ ಒಬ್ಬಳೇ ಮಗಳು, ಮೇರಿ. ಗಂಡುಸಂತಾನವಿಲ್ಲವೆಂಬ ಕಾರಣವೊಡ್ಡಿ ಫ್ರಾನ್ಸಿನ ದೊರೆ ಹನ್ನೊಂದನೆಯ ಲೂಯಿ ಬರ್ಗಂಡಿಯನ್ನು ವಶಪಡಿಸಿಕೊಂಡ. ಆದರೆ ಫ್ಲಾಂಡರ್ಸ್, ಬ್ರಬಾಂಟ್, ಹಾಲೆಂಡ್ ಸೀಮೆಗಳು ಮೇರಿಯಲ್ಲೇ ಉಳಿದು, ಮುಂದೆ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಮನೆತನಕ್ಕೆ ಸಂದವು. ಒಂದೆಡೆ ಇಲ್ಲದ ಹಕ್ಕು ಇನ್ನೊಂದೆಡೆ ಬಂದದ್ದು ಹೇಗೆ? ಮದುವೆಯಾದ ಮಾತ್ರಕ್ಕೆ ಗಂಡ ಆ ನೆಲದ ಒಡೆಯನಾಗುತ್ತಿದ್ದನೆ?

ಹಳೆಪುಟ:
ಬರ್ಗಂಡಿಯ ಡ್ಯೂಕರ ಆಳ್ವಿಕೆಯಲ್ಲಿದ್ದುದು ಒಂದು ರಾಜ್ಯವಲ್ಲ, ಒಬ್ಬನೇ ಒಡೆಯನಿದ್ದ ಹಲವು ಸೀಮೆಗಳು. ಒಂದೊಂದಕ್ಕೂ ಅದರದೇ ಕಟ್ಟಳೆ. ಬರ್ಗಂಡಿಯನ್ನು ಫ್ರಾನ್ಸಿನ ದೊರೆ ಎರಡನೆಯ ಜಾನ್ 1363ರಲ್ಲಿ ತನ್ನ ಕಿರಿಯ ಮಗ ಫಿಲಿಪ್‌ನಿಗೆ ಕೊಟ್ಟಿದ್ದ. ಅಂಥ ಕೊಡುಗೆ ಗಂಡುಸಂತಾನ ನಿಂತಾಗ ಸಿಂಹಾಸನಕ್ಕೆ ಮರಳಬೇಕೆಂಬುದು ಲೂಯಿಯ ವಾದ. ಆದರೆ ಫ್ಲಾಂಡರ್ಸ್ ಈ ಮನೆತನಕ್ಕೆ ಬಂದದ್ದೇ ಒಬ್ಬ ಹೆಣ್ಣಿನಿಂದ: ಫಿಲಿಪ್ 1369ರಲ್ಲಿ ಮದುವೆಯಾದ ಮಾರ್ಗರೆಟ್ 1384ರಲ್ಲಿ ತಂದೆಯ ಉತ್ತರಾಧಿಕಾರಿಣಿಯಾದಳು. ಅಲ್ಲಿ ಮೇರಿಯ ಹಕ್ಕನ್ನು ಅಲ್ಲಗಳೆಯುವುದು ಲೂಯಿಗೂ ಸುಲಭವಿರಲಿಲ್ಲ. ಆದ್ದರಿಂದಲೇ ಅವಳನ್ನು ತನ್ನ ಏಳು ತುಂಬದ ಮಗನಿಗೆ ತಂದುಕೊಳ್ಳಲು ಅವನು ಹವಣಿಸಿದ.

ಶಾಸನಪ್ರಿಯ:
ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಇಲ್ಲ ಎಂದೇ. 1477ರ ಆಗಸ್ಟ್‌ನಲ್ಲಿ ಗೆಂಟ್ ನಗರದಲ್ಲಿ ಮೇರಿ ಹ್ಯಾಬ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್‌ನನ್ನು ವರಿಸಿದಾಗ ಆದ ಕರಾರಿನಂತೆ ವಾರಸುದಾರರು ಅವರ ಮಕ್ಕಳೇ ಹೊರತು ಪತಿಯಲ್ಲ. 1482ರ ಮಾರ್ಚ್‌ನಲ್ಲಿ, ಬೇಟೆಗೆ ಹೋಗಿದ್ದಾಗ ಕುದುರೆಯಿಂದ ಬಿದ್ದ ಪೆಟ್ಟಿನಿಂದ ಮೇರಿ ತೀರಿಕೊಂಡಳು. ಒಡೆತನ ನಾಲ್ಕು ತುಂಬದ ಮಗ ಫಿಲಿಪ್‌ನಿಗೆ ಹೋಯಿತು. ತಂದೆ ರಾಜಪ್ರತಿನಿಧಿಯಾಗಿ ಆಳುವುದನ್ನು ಫ್ಲಾಂಡರ್ಸಿನ ನಗರಗಳು ಒಪ್ಪಲಿಲ್ಲ. 1488ರಲ್ಲಿ ಬ್ರೂಜ್ ನಗರದವರು ಅವನನ್ನು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರು, ಅದೂ ಅವನು ಜರ್ಮನರ ರಾಜನಾಗಿ ಚುನಾಯಿತನಾದ ಮೇಲೆ!

ಮೇರಿಯ ಕೈಯೂ ಕಟ್ಟಿಹೋಗಿತ್ತೆಂಬುದನ್ನು ಮರೆಯಬಾರದು. ತಂದೆ ಸತ್ತ ಮರುತಿಂಗಳೇ ಅವಳು ಸೀಮೆಗಳ ಪ್ರತಿನಿಧಿಗಳಿಗೆ 'ಮಹಾ ಸನ್ನದು' ಬರೆದುಕೊಡಬೇಕಾಯಿತು. ಅದರಂತೆ ಅವರ ಒಪ್ಪಿಗೆಯಿಲ್ಲದೆ ಯುದ್ಧ ಹೂಡುವಂತಿರಲಿಲ್ಲ. ಏಪ್ರಿಲ್‌ನಲ್ಲಿ ಗೆಂಟಿನ ಜನ ಅವಳ ತಂದೆಯ ಮಂತ್ರಿಗಳಾದ ಹ್ಯೂಗೊನೆ ಮತ್ತು ಹುಂಬರ್‌ಕೂರ್ ಇಬ್ಬರ ತಲೆ ಕಡಿಸಿದರು. ಅವರನ್ನು ಉಳಿಸಬೇಕೆಂಬ ಅವಳ ಬೇಡಿಕೆ ನಡೆಯಲಿಲ್ಲ.

ತುಂಗಾತೀರ:
ಮೇಲಿನ ಉತ್ತರಗಳನ್ನು ಓದಿದವರಿಗೆ, ಹೆಣ್ಣು ಆಸ್ತಿಯನ್ನು ದಾಟಿಸುವ ದಾರಿ ಮಾತ್ರವಾಗಿದ್ದಳೆಂದು ತೋರಬಹುದು. ಮೇರಿಯ ಮಗಳು ಮಾರ್ಗರೆಟ್‌ಳ ಬದುಕು ಹಾಗೆಯೇ ಆರಂಭವಾಯಿತು, ನಿಜ. 1482ರ ಆರಾಸ್ ಒಪ್ಪಂದದಂತೆ, ಮೂರು ತುಂಬದ ಆ ಮಗುವನ್ನು, ಅವಳ ತಾಯಿಗೆ ಹಿಂದೆ ಕೇಳಿದ್ದ ಅದೇ ಫ್ರೆಂಚ್ ರಾಜಕುಮಾರನಿಗೆ ನಿಶ್ಚಯಿಸಿ, ಆರ್ಟ್ವಾ ಮತ್ತು ಫ್ರಾಂಶ್-ಕೋಂತೆ ಸೀಮೆಗಳನ್ನು ವರದಕ್ಷಿಣೆಯಾಗಿ ಗೊತ್ತುಮಾಡಲಾಯಿತು. ಎಂಟನೆಯ ಚಾರ್ಲ್ಸ್ ಎನಿಸಿದ ಆ ವರ 1491ರಲ್ಲಿ ಅವಳನ್ನು ಕೈಬಿಟ್ಟು ಬ್ರಿಟನಿಯ ಒಡತಿ ಆನ್‌ಳನ್ನು ಮದುವೆಯಾದ. ವಿಚಿತ್ರವೆಂದರೆ, ಆನ್‌ಗೆ ಹಿಂದಿನ ವರ್ಷವಷ್ಟೇ ಪ್ರತಿನಿಧಿಯ ಮೂಲಕ ಮದುವೆಯಾಗಿತ್ತು, ವರ ಮಾರ್ಗರೆಟ್‌ಳ ತಂದೆ ಮ್ಯಾಕ್ಸಿಮಿಲಿಯನ್. ಅವನ ದೂತ ಒಂದು ಕಾಲನ್ನು ಬರಿದುಮಾಡಿ ವಧುವಿನ ಹಾಸಿಗೆಯೊಳಗೆ ಚಾಚಿ ಶಾಸ್ತ್ರ ಮುಗಿಸಿದನೆಂದು ಹೇಳುತ್ತಾರೆ. ಹೀಗೆ ಒಂದೇ ಮದುವೆಯಿಂದ ತಂದೆ ಹೆಂಡತಿಯನ್ನೂ ಮಗಳು ಗಂಡನನ್ನೂ ಕಳೆದುಕೊಂಡರು. 1493ರ ಸೆನ್ಲಿಸ್ ಒಪ್ಪಂದದಿಂದ ಮಾರ್ಗರೆಟ್‌ಳೂ ವರದಕ್ಷಿಣೆಯ ಬಹುಭಾಗವೂ ಹಿಂದಿರುಗಿದವು.

ಆಮೇಲೆ ಎರಡು ಬಾರಿ ವಿಧವೆಯಾದ ಅವಳು ಮತ್ತೆ ಮದುವೆಗೆ ಒಪ್ಪದೆ, 1507ರಿಂದ ಮೆಕೆಲೆನ್ ನಗರದಲ್ಲಿದ್ದು ನೆದರ್ಲೆಂಡ್ಸ್ ಸೀಮೆಗಳನ್ನು ಅಣ್ಣನ ಮಗ ಐದನೆಯ ಚಾರ್ಲ್ಸ್‌ನ ಪರವಾಗಿ ಆಳಿದಳು. ನನ್ನ ದೃಷ್ಟಿಯಲ್ಲಿ ಈ ಮನೆತನದ ಹೆಂಗಸರ ನಿಜವಾದ ಅಧಿಕಾರವನ್ನು ಅರಸಬೇಕಾದದ್ದು ಇಂಥ ವಿಧವೆಯರ ಆಡಳಿತದಲ್ಲಿ, ಮದುವೆಯ ಕರಾರುಗಳಲ್ಲಲ್ಲ. 1529ರಲ್ಲಿ ಕಾಂಬ್ರೆಯಲ್ಲಿ, ಫ್ರಾನ್ಸಿನ ದೊರೆಯ ತಾಯಿಯೂ ತನ್ನ ನಾದಿನಿಯೂ ಆದ ಸವಾಯ್‌ನ ಲೂಯಿಸ್‌ಳೊಂದಿಗೆ ಕುಳಿತು ಮಾರ್ಗರೆಟ್ ಕುದುರಿಸಿದ ಒಪ್ಪಂದಕ್ಕೆ 'ಸ್ತ್ರೀಯರ ಶಾಂತಿ' ಎಂಬ ಹೆಸರೇ ನಿಂತಿತು. ಫ್ರಾನ್ಸ್ ಫ್ಲಾಂಡರ್ಸ್ ಮತ್ತು ಆರ್ಟ್ವಾಗಳ ಮೇಲಿನ ಅಧಿಪತ್ಯವನ್ನು ಬಿಟ್ಟಿತು. ಲೂಯಿ ಕಿತ್ತುಕೊಂಡಿದ್ದ ಬರ್ಗಂಡಿಯನ್ನು ಮರಳಿಸಬೇಕೆಂಬ ಒತ್ತಾಯವನ್ನು ಚಾರ್ಲ್ಸ್ ಕೈಬಿಟ್ಟ.