ತಿಪಟೂರಿಗೆ ಇವತ್ತೇ ಹೂವು ತಲುಪಬೇಕಂದ್ರೆ

ಪುಟ್ಟಿ, ನಾನು ಮೆಟ್ರೋದಲ್ಲಿ ನಿಂತಿದ್ದೇನೆ. ಮಾತಾಡಿದ್ದೇ ಟೈಪ್ ಆಗ್ತಾ ಇದೆ, ಉದ್ದ ಆದ್ರೆ ಯಾರೂ ಬೈಯಬೇಡಿ. ದೊಡ್ಡಮ್ಮನಿಗೆ ಇವತ್ತು 70 ತುಂಬಿತು, ಸಂಜೆಯೊಳಗೆ ತಿಪಟೂರಿಗೆ ಬೊಕೆ ತಲುಪಬೇಕು, ಯಾವ ಸೈಟ್ ಒಳ್ಳೇದು ಅಂತ ಕೇಳಿದ್ದೀಯ. ನನ್ನ ಕೇಳಿದರೆ ಯಾವ ಸೈಟೂ ಬೇಡ. ಅಲ್ಲಿನ ಹೂವಿನವರಿಗೇ ಫೋನ್ ಮಾಡು.

ಯಾಕೆ ಅಂದರೆ, ಈ ಸೈಟ್‌ನವರಲ್ಲಿ ಸುಮಾರು ಜನ ತಾವೇ ಹೂವು ಕಟ್ಟುವುದಿಲ್ಲ. ನಿನ್ನ ಆರ್ಡರ್ ತಗೊಂಡು, ಕಮಿಷನ್ ಮುರಿದುಕೊಂಡು, ಆ ಊರಿನ ಯಾವುದೋ ಅಂಗಡಿಗೆ ದಾಟಿಸುತ್ತಾರೆ. ಜಯನಗರಕ್ಕೋ ಮಲ್ಲೇಶ್ವರಕ್ಕೋ ಆದರೆ ನಡೆಯುತ್ತದೆ. ಸಣ್ಣ ಊರಲ್ಲಿ ಅವರ ಕಡೆಯ ಅಂಗಡಿ ಇಲ್ಲ ಅಂದರೆ ತುಮಕೂರಿನಿಂದಲೋ ಹಾಸನದಿಂದಲೋ ಯಾರನ್ನಾದರೂ ಓಡಿಸಬೇಕು, ಒಂದು ಬೊಕೆಗೋಸ್ಕರ ಅಷ್ಟು ದೂರ ಯಾರು ಹೋಗ್ತಾರೆ ಹೇಳು, ಕೊನೆಗೆ ಕತ್ತಲಾಗೋ ಹೊತ್ತಿಗೆ ‘ರೀಫಂಡ್ ಮಾಡುತ್ತೇವೆ’ ಅಂತ ಮೆಸೇಜ್ ಬರುತ್ತದೆ. ಹೋದ ವರ್ಷ ಅರಸೀಕೆರೆ ಚಿಕ್ಕಪ್ಪನಿಗೆ ಅಣ್ಣ ಆರ್ಡರ್ ಮಾಡಿದಾಗ ಹೀಗೇ ಆಯ್ತಲ್ವಾ, ಪಿನ್ ಕೋಡ್ ಹಾಕಿದಾಗ ಹಸಿರು ಟಿಕ್ ಬಂದಿತ್ತು ಬೇರೆ!

ಮ್ಯಾಪ್‌ನಲ್ಲಿ ಹುಡುಕುವಾಗ ಬರೀ ‘ಫ್ಲೋರಿಸ್ಟ್’ ಅಂತ ನೋಡಬೇಡ. ಫ್ಲವರ್ ಡೆಕೋರೇಷನ್ ಅಂತ ನೋಡು. ಮದುವೆ ಮಂಟಪ, ಕಾರು ಅಲಂಕಾರ ಮಾಡುವವರು ಇರ್ತಾರಲ್ಲ, ಗುಲಾಬಿ, ಜರ್ಬೆರಾ ಎಲ್ಲ ಇರುವುದು ಅವರ ಹತ್ತಿರ. ಬೊಕೆ ಕಟ್ಟೋಕೂ ಬರುತ್ತದೆ. ಫೋನ್ ಎತ್ತಿದ ತಕ್ಷಣ ಅಂಗಡಿ ಯಾವ ಬೀದಿಯಲ್ಲಿದೆ ಅಂತ ಕೇಳು. ತಡವರಿಸಿದರೆ, ಇಲ್ಲಾ ಹಿಂದಿಯಲ್ಲಿ ಶುರು ಮಾಡಿದರೆ, ಅದು ಎಲ್ಲೋ ಕೂತಿರುವ ಕಾಲ್ ಸೆಂಟರ್, ಇಟ್ಟುಬಿಡು.

ಫೋಟೋ ಕಳಿಸಿ ‘ಇದೇ ಥರ ಬೇಕು’ ಅಂತ ಮಾತ್ರ ಹೇಳಬೇಡ. ಸಣ್ಣ ಊರಲ್ಲಿ ಬೆಳಿಗ್ಗೆ ಒಂದು ಸಲ ಹೂವು ಬರುತ್ತದೆ, ಅದು ಮುಗಿದರೆ ಮುಗೀತು. ಇಲ್ಲಿ ಕೆ.ಆರ್. ಮಾರ್ಕೆಟ್ಟಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೇ ರಾಶಿ ಬಿದ್ದಿರುತ್ತೆ ಅಂತ ನಾವು ಅದನ್ನೇ ಲೆಕ್ಕ ಹಿಡಿಯುತ್ತೇವೆ. ಅಲ್ಲಿ ಲಿಲ್ಲಿ, ಆರ್ಕಿಡ್ ಕೇಳಿದರೆ ಇವತ್ತಂತೂ ಸಿಗಲ್ಲ. ‘ಈಗ ಏನಿದೆ, ಯಾವುದು ಫ್ರೆಶ್’ ಅಂತ ಕೇಳು. ಹತ್ತು ಗಂಟೆಯೊಳಗೆ ಕೇಳು. ಆಷಾಢ ಅಲ್ವಾ, ಮದುವೆ ಸೀಸನ್ ಇಲ್ಲ, ಅವರಿಗೂ ಪುರುಸೊತ್ತು, ರೇಟೂ ಇಳಿದಿರುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆಗಿದ್ದರೆ ಕನಕಾಂಬರ ಮುಟ್ಟೋಕೂ ಆಗುತ್ತಿರಲಿಲ್ಲ.

ಇನ್ನೊಂದು ವಿಷಯ. ದೊಡ್ಡಮ್ಮ ಬೊಕೆ ಇಟ್ಟುಕೊಳ್ಳುವವಳಲ್ಲ. ಪ್ಲಾಸ್ಟಿಕ್ ಬಿಚ್ಚಿ, ಯಾಕೆ ದಂಡ ಮಾಡಿದಿರಿ ಅಂತ ಗೊಣಗಿ, ಒಂದೊಂದೇ ಗುಲಾಬಿ ತೆಗೆದು ದೇವರ ಪಟಕ್ಕೆ ಏರಿಸುತ್ತಾಳೆ. ಅದಕ್ಕೆ ನಾನಂತೂ ಗುಲಾಬಿ ಒಂದು ಸಣ್ಣ ಕಟ್ಟು ಸಾಕು ಅಂತೀನಿ, ಜೊತೆಗೆ ಮುಡಿಯೋಕೆ ಮಲ್ಲಿಗೆ, ನಡುವೆ ಕನಕಾಂಬರ ಸೇರಿಸಿ ಒತ್ತಾಗಿ ಕಟ್ಟಿದ್ದು ಒಂದೆರಡು ಮಾರು, ದೇವರಿಗೆ ಸುಗಂಧರಾಜದ ಹಾರ ಒಂದು. ಮಾರು ಅಂದರೂ ಮೊಳ ಅಂದರೂ ಆ ಹೂವಿನಮ್ಮನ ಕೈಗೂ ನಮ್ಮ ಕೈಗೂ ತಾಳೆ ಆಗಲ್ಲ 😄 ಮಲ್ಲಿಗೆ ಮೊಗ್ಗೇ ಇರಲಿ, ಅರಳಿದ್ದು ಬೇಡ. ನಾಲ್ಕಕ್ಕೆ ಮನೆಗೆ ಹೋದರೆ ದೀಪ ಹಚ್ಚೋ ಹೊತ್ತಿಗೆ ತಾನೇ ಅರಳಿ ಮನೆಯೆಲ್ಲ ಘಮ್ ಅನ್ನುತ್ತೆ. ಬಾಳೆಲೆಯಲ್ಲಿ ಸುತ್ತಿ ಕೊಡಿ ಅಂತ ಹೇಳು, ಪ್ಲಾಸ್ಟಿಕ್ ಕವರಲ್ಲಿ ಬೆವೆತು ಕಂದಿಹೋಗುತ್ತೆ.

ಇಲ್ಲಿಂದಲೇ ಕೊಂಡು ಬಸ್ಸಿಗೆ ಹಾಕೋಣ ಅಂತ ಮಾವ ಹೇಳಿದರು. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಪಾರ್ಸೆಲ್ ಸೇವೆ ಇದೆ ನಿಜ, ಸೀರೆ ಆಗಿದ್ದರೆ ನಾನೂ ಅದಕ್ಕೇ ಹಾಕುತ್ತಿದ್ದೆ. ಹೂವು ಡಿಕ್ಕಿಯ ಸೆಕೆಯಲ್ಲಿ ಬಾಡುತ್ತೆ, ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗಿ ಬಿಡಿಸಿಕೊಂಡು ಬರೋರು ಯಾರು? ದೊಡ್ಡಪ್ಪನಿಗೆ ಮಂಡಿನೋವು.

ದುಡ್ಡು ಅರ್ಧ ಮಾತ್ರ ಮೊದಲೇ ಫೋನ್‌ಪೇ ಮಾಡು. ಕಟ್ಟಿದ ಮೇಲೆ ವಾಟ್ಸಾಪಲ್ಲಿ ಫೋಟೋ ಹಾಕಲಿ, ಉಳಿದದ್ದು ಆಮೇಲೆ. ಆಟೋ ಖರ್ಚು ಬೇರೆ ಕೇಳಿದರೆ ಚೌಕಾಸಿ ಮಾಡಬೇಡ ಪಾಪ. ಅಡ್ರೆಸ್‌ಗೆ ಡೋರ್ ನಂಬರ್ ಕೊಟ್ಟು ಪ್ರಯೋಜನ ಇಲ್ಲ, ಮೇಷ್ಟ್ರ ಮನೆ ಅಂತ ಹೇಳಿ ಹಿಟ್ಟಿನ ಗಿರಣಿ ಗುರುತು ಕೊಡು. ದೊಡ್ಡಮ್ಮನ ನಂಬರ್ ಕೊಡಲೇಬೇಡ, ಗೊತ್ತಿಲ್ಲದ ನಂಬರ್ ಅವಳು ಎತ್ತಲ್ಲ, ಎತ್ತಿದರೆ ‘ನಾವೇನೂ ಆರ್ಡರ್ ಮಾಡಿಲ್ಲ’ ಅಂತ ವಾಪಸ್ ಕಳಿಸಿಬಿಡ್ತಾಳೆ. ಪಕ್ಕದ ಮನೆ ಟೀಚರ್ ನಂಬರ್ ಅತ್ತಿಗೆ ಹತ್ತಿರ ಇದೆ. ಅತ್ತಿಗೆ, ಗ್ರೂಪಲ್ಲಿ ಬೇಡ, ಪುಟ್ಟಿಗೆ ಮಾತ್ರ ಕಳಿಸಿ. ದೊಡ್ಡಮ್ಮ ಈ ಗ್ರೂಪಲ್ಲಿಲ್ಲ ತಾನೇ? ಯಾರಾದರೂ ಒಂದು ಸಲ ನೋಡಿ ಹೇಳ್ರಪ್ಪ.